ಕೀಲಿಗೆ ಹೊಂದದ ಕಡಲ ಹುಳು ಹೊಸ ಪ್ರಭೇದವೇ?

ಪ್ರಶ್ನೆ: ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಹೊನ್ನಾವರಕ್ಕೆ ಫೀಲ್ಡ್ ಟ್ರಿಪ್ ಹೋಗಿದ್ದಾಗ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಕಲ್ಲಿನ ಅಡಿಯ ಕೆಸರಿನಲ್ಲಿ ಮೂರು ಪಾಲಿಕೀಟ್ ಹುಳು ಸಿಕ್ಕವು. ಅಲ್ಲೇ ಸ್ಪಿರಿಟ್ಟಿಗೆ ಹಾಕಿ ತಂದೆ. ಎರಡು ತುಂಡಾಗಿವೆ, ಒಂದು ಇಡಿಯಾಗಿದೆ. ಫೋವೆಲ್ ಪುಸ್ತಕದ ಕೀಲಿ (ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತಾ ಹೆಸರಿಗೆ ಮುಟ್ಟಿಸುವ ಪಟ್ಟಿ) ಹಿಡಿದು ಹೋದರೆ ಪೆರಿನೀರಿಸ್ ಕುಲ್ಟ್ರಿಫೆರಾ ಎಂಬ ಪ್ರಭೇದದ ತನಕ ಬಂದು ನಿಲ್ಲುತ್ತದೆ. ಆದರೆ ಗಂಟಲಿನ 5ನೇ ವಲಯದಲ್ಲಿ 3 ಹಲ್ಲು ಇರಬೇಕಾದ ಕಡೆ 1 ಮಾತ್ರ ಇದೆ. ಇದು ಹೊಸ ಪ್ರಭೇದವೇ? ಹೌದಾದರೆ ಹೆಸರಿಡುವುದು ಹೇಗೆ? ನಮ್ಮಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲ.

ಉತ್ತರ: ಹೊಸದಿರಬಹುದು. ಆದರೆ ಮೂರು ಹುಳು, ಅದರಲ್ಲೂ ಒಂದೇ ಇಡಿಯದು ಇಟ್ಟುಕೊಂಡು ಹಾಗೆಂದು ಹೇಳಲು ಬರುವುದಿಲ್ಲ. ಕೀಲಿಗೆ ಹೊಂದಲಿಲ್ಲ ಎನ್ನುವುದು ಹುಡುಕಾಟ ಶುರುಮಾಡಲು ಒಳ್ಳೆಯ ಕಾರಣ, ಅಷ್ಟೇ. ಹೊಸತು ಎಂದು ಸಾಬೀತಾಗುವುದು ಹೋಲಿಕೆಯಿಂದ: ಆ ಕುಲದಲ್ಲಿ ಈವರೆಗೆ ಹೆಸರು ಪಡೆದ ಪ್ರತಿ ಪ್ರಭೇದದ ಜೊತೆ ನಿಮ್ಮ ಹುಳುವನ್ನು ಇಟ್ಟು ನೋಡಿ, ಯಾವುದೂ ಅಲ್ಲ ಎಂದು ಬರೆದು ತೋರಿಸಬೇಕು. ಈ ಕೆಲಸದ ಹೆಚ್ಚಿನ ಪಾಲನ್ನು ಶಿವಮೊಗ್ಗದಲ್ಲೇ ಕೂತು ಮಾಡಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲದ್ದು ದೊಡ್ಡ ಅಡ್ಡಿಯಲ್ಲ. ಸ್ಪಿರಿಟ್ಟಿಗೆ ನೇರವಾಗಿ ಹಾಕಿದ್ದು ಅದಕ್ಕಿಂತ ದೊಡ್ಡ ಅಡ್ಡಿ. ಅದರ ಪರಿಹಾರವನ್ನೂ ಮುಂದೆ ಹೇಳುತ್ತೇನೆ.

ಬೇರೆ ಓದುಗರಿಗಾಗಿ ಎರಡು ಮಾತು. ತೋಟದ ಎರೆಹುಳು, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳ, ಕಡಲಿನ ಪಾಲಿಕೀಟ್ ಮೂರೂ ಒಂದೇ ವಂಶದವು, ಮೈ ಉಂಗುರ ಉಂಗುರವಾಗಿರುವ ಅನೆಲಿಡ್‌ಗಳು. ಎರೆಹುಳುವಿನ ಪ್ರತಿ ಉಂಗುರದಲ್ಲಿ ಬೆರಳಿಗೆ ಮಾತ್ರ ತಾಕುವ ಕೆಲವೇ ಬಿರುಗೂದಲು ಇರುತ್ತವೆ. ಉಂಬಳಕ್ಕೆ ಅದೂ ಇಲ್ಲ. ಪಾಲಿಕೀಟ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಉಂಗುರದ ಎರಡೂ ಬದಿಗೆ ಚಾಚಿದ ಪಾದವಿರುತ್ತದೆ, ಪಾದದ ತುದಿಯಲ್ಲಿ ಕೈಟಿನ್‌ನಿಂದಾದ ಬಿರುಗೂದಲಿನ ಕಟ್ಟು. ಈಗ ಮಾನ್ಯವಾಗಿರುವ ಪ್ರಭೇದಗಳು 11,000ಕ್ಕೂ ಹೆಚ್ಚು. ನಮ್ಮ ಕರಾವಳಿಯ ಹುಳುಗಳಲ್ಲಿ ಬಹಳಷ್ಟಕ್ಕೆ ಇನ್ನೂ ಸರಿಯಾದ ಹೆಸರೇ ಸಿಕ್ಕಿಲ್ಲ, ಅಥವಾ ಬೇರೆ ಯಾರದೋ ಹೆಸರು ಅಂಟಿಕೊಂಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇರೆಯವರ ಹೆಸರು ಅಂಟಿದ್ದು ಹೇಗೆ ಎಂದು ತಿಳಿದರೆ ನಿಮ್ಮ ಗೊಂದಲದ ಅರ್ಧ ಕಳೆಯುತ್ತದೆ. ನೀವು ಬಳಸಿದ ಪಿಯೆರ್ ಫೋವೆಲ್ ಅವರ ಗ್ರಂಥ 1953ರದು. ಅವರು ಫ್ರಾನ್ಸಿನ ತೀರದ ಹುಳುಗಳನ್ನು ಚೆನ್ನಾಗಿ ಬಲ್ಲವರು, ಅವುಗಳ ಮೇಲೆ 1923 ಮತ್ತು 1927ರಲ್ಲಿ ಎರಡು ದೊಡ್ಡ ಸಂಪುಟ ಬರೆದವರು. ಒಂದು ಪ್ರಭೇದ ಲೋಕದ ಎಲ್ಲ ಕಡಲುಗಳಲ್ಲೂ ಇರಬಹುದು ಎಂದು ನಂಬಿದ್ದ ಕಾಲ ಅದು. ಹಾಗಾಗಿ ಯುರೋಪಿನ ಹುಳುವನ್ನು ಹೋಲುವ ಭಾರತದ ಹುಳುವಿಗೆ ಯುರೋಪಿನ ಹೆಸರೇ ಬಂತು, ಚೂರುಪಾರು ವ್ಯತ್ಯಾಸ ಕಂಡರೆ ‘ವೆರೈಟಿ’ ಎಂದು ಅದರ ಕೆಳಗೇ ಸೇರಿಸಿದರು. ಪೆರಿನೀರಿಸ್ ಕುಲ್ಟ್ರಿಫೆರಾವನ್ನು ಗ್ರೂಬೆ 1840ರಲ್ಲಿ ವರ್ಣಿಸಿದ್ದು ಮೆಡಿಟರೇನಿಯನ್ ಸಮುದ್ರದ ಹುಳುವಿನಿಂದ. ಅಲ್ಲಿಯ ತಂಪು, ಉಪ್ಪು ನೀರಿನ ಹುಳುವೂ ಕಾಂಡ್ಲಾ ಬೇರಿನ ಬುಡದ ಹುಳುವೂ ಒಂದೇ ಆಗಿರುವ ಸಂಭವ ಕಡಿಮೆ.

ಬೇರೆ ಕುಲಗಳಲ್ಲಿ ಇದು ಸಾಬೀತೇ ಆಗಿದೆ. ಮಾರ್ಫೈಸಾ ಸಾಂಗ್ವಿನಿಯಾ ಎಂಬ ಹೆಸರು ಹುಟ್ಟಿದ್ದು ಇಂಗ್ಲೆಂಡಿನ ಡೆವನ್ ತೀರದಲ್ಲಿ, 1813ರಲ್ಲಿ. ಆಮೇಲೆ ಲೋಕದ ಎಲ್ಲ ಕಡೆಯಿಂದ ಅದೇ ಹೆಸರಿನ ವರದಿಗಳು ಬಂದವು. 2003ರಲ್ಲಿ ಹಚಿಂಗ್ಸ್ ಮತ್ತು ಕರಗಿಯೊರ್ಗೊಪೌಲೋಸ್ ಆ ಹೆಸರಿಗೆ ನಿಯೋಟೈಪ್ (ಮೂಲ ಮಾದರಿಯ ಬದಲಿಗೆ ಆರಿಸುವ ಹೊಸ ಆಧಾರ ಮಾದರಿ) ನಿಗದಿ ಮಾಡಿ ವಿವರವಾಗಿ ಮರುವರ್ಣಿಸಿದಾಗ, ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ಅದೇ ಹೆಸರಿನಲ್ಲಿ ಓಡಾಡುತ್ತಿದ್ದದ್ದು ಬೇರೆಯೇ ಪ್ರಭೇದ ಎಂದು ತಿಳಿಯಿತು. ಕ್ಯಾಪಿಟೆಲ್ಲಾ ಕ್ಯಾಪಿಟೇಟಾ ಒಂದೇ ಪ್ರಭೇದ ಎಂದು ನಂಬಿದ್ದವರಿಗೆ ಗ್ರಾಸ್ಲ್ ದಂಪತಿ 1976ರಲ್ಲಿ ಕಿಣ್ವಗಳ ಹೋಲಿಕೆಯಿಂದ 6 ಒಡಹುಟ್ಟು ಪ್ರಭೇದಗಳನ್ನು ತೋರಿಸಿದರು. ಆದ್ದರಿಂದ ನಿಮ್ಮ ಹುಳುವಿನ 5ನೇ ವಲಯದಲ್ಲಿ ಸರಿಯಾಗಿ 3 ಹಲ್ಲು ಸಿಕ್ಕಿದ್ದರೂ ‘ಕುಲ್ಟ್ರಿಫೆರಾ’ ಎಂದು ಬರೆದು ಮುಗಿಸುವಂತಿರಲಿಲ್ಲ.

ಕೀಲಿಯ ಸ್ವಭಾವವೇ ಹಾಗೆ. ಪ್ರತಿ ಹೆಜ್ಜೆಗೂ ಅದು ಎರಡೇ ದಾರಿ ಕೊಡುತ್ತದೆ, ಅದು ಬರೆದ ದಿನದವರೆಗೆ ಗೊತ್ತಿದ್ದ ಹೆಸರುಗಳಷ್ಟೇ ಅದರೊಳಗೆ ಇರುತ್ತವೆ. 1953ರ ನಂತರ ಬಂದ ಹೆಸರು ಅದರಲ್ಲಿಲ್ಲ. ವೆರೈಟಿ ಎಂದು ಅದರಲ್ಲಿ ಅಡಗಿದ್ದವು ಈಗ ಸ್ವತಂತ್ರ ಪ್ರಭೇದಗಳಾಗಿರಬಹುದು. ಕೀಲಿಯನ್ನು ಕುಟುಂಬ ಮತ್ತು ಕುಲದವರೆಗೆ ನಂಬಿ. ಅಲ್ಲಿಂದಾಚೆ ವೋರ್ಮ್ಸ್ ಎಂಬ ಕಡಲಜೀವಿಗಳ ವಿಶ್ವ ನೋಂದಣಿಗೆ ಹೋಗಿ ಪೆರಿನೀರಿಸ್ ಕುಲದ ಎಲ್ಲ ಹೆಸರುಗಳನ್ನೂ ಇಳಿಸಿಕೊಳ್ಳಿ. ಮಾನ್ಯವಾದವು ಮಾತ್ರ ಸಾಲದು, ಅಮಾನ್ಯವೆಂದು ಬದಿಗಿಟ್ಟವೂ ಬೇಕು. ಏಕೆಂದರೆ ನಿಮ್ಮ ಹುಳುವಿಗೆ ನೂರು ವರ್ಷದ ಹಿಂದೆಯೇ ಯಾರೋ ಇಟ್ಟ ಹೆಸರು ಇನ್ನೊಂದರ ಸಮಾನನಾಮವಾಗಿ ಮಲಗಿರಬಹುದು. ಅದನ್ನು ಎಬ್ಬಿಸುವುದೇ ಸರಿಯಾದ ಕೆಲಸ, ಹೊಸ ಹೆಸರು ಕೊಡುವುದಲ್ಲ.

ಪ್ರತಿ ಹೆಸರಿಗೂ ಮೂಲ ವರ್ಣನೆ ಹುಡುಕಿ. ಹಳೆಯವು ಬಹುತೇಕ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. ಲ್ಯಾಟಿನ್, ಜರ್ಮನ್, ಫ್ರೆಂಚ್ ಎಂದು ಹೆದರಬೇಡಿ, ಚಿತ್ರಫಲಕ ಮತ್ತು ಹತ್ತು ಸಾಲಿನ ವರ್ಣನೆ ಅಷ್ಟೇ ಇರುತ್ತದೆ. ಸದರ್ನ್ 1921ರಲ್ಲಿ ಚಿಲ್ಕಾ ಸರೋವರದ ಪಾಲಿಕೀಟ್‌ಗಳ ಮೇಲೆ ಬರೆದದ್ದನ್ನು ಮೊದಲು ಓದಿ. ನಮ್ಮ ಅಳಿವೆಗಳ ಹುಳುಗಳಿಗೆ ಯುರೋಪಿನ ಪುಸ್ತಕಗಳಿಗಿಂತ ಅದು ಹತ್ತಿರ. ನಂತರ ದಕ್ಷಿಣ ಆಫ್ರಿಕಾದ ಹುಳುಗಳ ಮೇಲೆ ಡೇ 1967ರಲ್ಲಿ ತಂದ ಗ್ರಂಥ. ಹೆಸರಿನ ಮುಂದೆ ಕರ್ತೃ ಮತ್ತು ವರ್ಷ ಆವರಣದೊಳಗೆ ಇದ್ದರೆ, ಮೊದಲು ಬೇರೆ ಕುಲದಲ್ಲಿ ವರ್ಣಿಸಿದ್ದರು ಎಂದರ್ಥ. ನೀರಿಸ್ ಎಂಬ ಹಳೆಯ ಕುಲದ ಹೆಸರಿನಲ್ಲೂ ಹುಡುಕದಿದ್ದರೆ ಮೂಲ ಬರಹ ಕೈತಪ್ಪುತ್ತದೆ. ಎಕ್ಸೆಲ್ಲಿನಲ್ಲಿ ಒಂದು ಸಾಲಿಗೆ ಒಂದು ಹೆಸರು, ಒಂದು ಅಂಕಣಕ್ಕೆ ಒಂದು ಲಕ್ಷಣ ಎಂದು ತುಂಬಿಸುತ್ತಾ ಹೋಗಿ. ಈ ಕೋಷ್ಟಕ ತುಂಬಲು ತಿಂಗಳುಗಳೇ ಬೇಕು, ಹೊಸ ಪ್ರಭೇದ ನಿಲ್ಲುವುದೂ ಬೀಳುವುದೂ ಇಲ್ಲಿಯೇ.

ಈಗ ಆ 5ನೇ ವಲಯ. ನೀರಿಡಿಡೇ ಕುಟುಂಬದ ಹುಳುಗಳು ಅಂಗಿಯ ತೋಳು ಮಗುಚಿದಂತೆ ಗಂಟಲನ್ನು ಹೊರಕ್ಕೆ ಮಗುಚುತ್ತವೆ. ಮಗುಚಿದ ಗಂಟಲಿನ ತುದಿಯಲ್ಲಿ ಎರಡು ದವಡೆ, ಮೈಮೇಲೆ ಪ್ಯಾರಾಗ್ನಾಥ್ ಎಂಬ ಕಂದು-ಕಪ್ಪು ಹಲ್ಲುಗಳು. ದವಡೆಯ ಹತ್ತಿರದ ಉಂಗುರದಲ್ಲಿ 1ರಿಂದ 4, ಬಾಯಿಯ ಹತ್ತಿರದ ಉಂಗುರದಲ್ಲಿ 5ರಿಂದ 8ನೇ ವಲಯ. 1, 2, 5, 6 ಬೆನ್ನಿನ ಕಡೆಗೆ. 3, 4, 7, 8 ಹೊಟ್ಟೆಯ ಕಡೆಗೆ. ಪೆರಿನೀರಿಸ್‌ಗೆ 6ನೇ ವಲಯದಲ್ಲಿ ಮೊನೆಯ ಬದಲು ಅಡ್ಡಪಟ್ಟಿಯಂಥ ಹಲ್ಲು ಇರುವುದೇ ಗುರುತು. ಕುಲ್ಟ್ರಿಫೆರಾದಲ್ಲಿ ಆ ಪಟ್ಟಿ ಬದಿಗೊಂದರಂತೆ, ಅವೆರಡರ ನಡುವೆ 5ನೇ ವಲಯದಲ್ಲಿ ತ್ರಿಕೋನವಾಗಿ 3 ಮೊನೆಗಳು.

ಸ್ಪಿರಿಟ್ಟಿಗೆ ಬಿದ್ದ ಹುಳು ಅನೇಕ ಸಲ ಗಂಟಲನ್ನು ಒಳಕ್ಕೆ ಎಳೆದುಕೊಂಡು ಸಾಯುತ್ತದೆ. ಹಾಗಾಗಿ ನೀವು ಕೊಯ್ದು ನೋಡಿದ್ದೀರಿ ಎಂದುಕೊಳ್ಳುತ್ತೇನೆ. ಇಲ್ಲಿ ತಪ್ಪುವ ಜಾಗ ಎರಡು. ಬೆನ್ನಿನ ಕಡೆಯಿಂದ ಕೊಯ್ದರೆ ಕತ್ತರಿ ಹಾಯುವುದೇ 5ನೇ ವಲಯದ ಮೇಲೆ. ಎರಡು ಹಲ್ಲು ಅಲ್ಲೇ ಉದುರಿರಬಹುದು. ಯಾವಾಗಲೂ ಹೊಟ್ಟೆಯ ಕಡೆಯಿಂದ, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಕೊಯ್ದು ಪುಸ್ತಕದಂತೆ ತೆರೆಯಿರಿ. ಎರಡನೆಯದು, ಒಳಗಿರುವ ಗಂಟಲಿನಲ್ಲಿ ಬಾಯಿಯ ಉಂಗುರ ಮುಂದೆ, ದವಡೆ ಹಿಂದೆ ಇರುತ್ತದೆ. ಹೊರಬಂದ ಗಂಟಲಿನ ಚಿತ್ರ ನೋಡಿಕೊಂಡು ಎಣಿಸುವವರು 1ನೇ ವಲಯವನ್ನೇ 5 ಎಂದುಕೊಂಡ ಉದಾಹರಣೆಗಳು ಬೇಕಾದಷ್ಟಿವೆ. 1ನೇ ವಲಯದಲ್ಲಿ ಒಂದೆರಡೇ ಮೊನೆ ಇರುವುದೂ ಸಾಮಾನ್ಯ. ಮೊದಲು 6ನೇ ವಲಯದ ಪಟ್ಟಿಗಳನ್ನು ಗುರುತಿಸಿ, ಅವೆರಡರ ನಡುವಿನದನ್ನು 5 ಎನ್ನಿ. ಉದುರಿದ ಹಲ್ಲು ತಿಳಿಬಣ್ಣದ ಗುಳಿ ಬಿಟ್ಟಿರುತ್ತದೆ, ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತದೆ.

ಅಷ್ಟಾದ ಮೇಲೂ ಒಂದೇ ಇದ್ದರೆ, ಅದು ಪ್ರಭೇದದ ಲಕ್ಷಣವೋ ವಯಸ್ಸಿನದೋ ಎಂದು ಕೇಳಿಕೊಳ್ಳಿ. ಚಿಕ್ಕ ಹುಳುಗಳಲ್ಲಿ ಹಲ್ಲು ಕಡಿಮೆ, ಬೆಳೆದಂತೆ ಹೆಚ್ಚುವುದುಂಟು. ಒಂದೇ ಜಾಗದ ಕನಿಷ್ಠ 20 ಹುಳು ಬೇಕು, ಚಿಕ್ಕದರಿಂದ ದೊಡ್ಡದರವರೆಗೆ. ಪ್ರತಿ ವಲಯದ ಎಣಿಕೆಯನ್ನು ಮೈ ಅಗಲದ ಎದುರು ಬರೆಯಿರಿ. ದೊಡ್ಡವುಗಳಲ್ಲೂ 1 ಎಂದೇ ಬಂದರೆ ಅದಕ್ಕೆ ತೂಕವಿದೆ. ಕೆಲವಲ್ಲಿ 1, ಕೆಲವಲ್ಲಿ 2, 3 ಎಂದು ಬಂದರೆ ಆ ಲಕ್ಷಣವನ್ನು ಕೈಬಿಟ್ಟು ಬೇರೆ ನೋಡಬೇಕು.

ಹಲ್ಲಿಗಿಂತ ನಾನು ಹೆಚ್ಚು ನೆಚ್ಚುವುದು ಬಿರುಗೂದಲನ್ನು. ಒಂದು ಪಾದವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿ ಮುಂಭಾಗ ಮೇಲೆ ಬರುವಂತೆ ಮಲಗಿಸಿ, ಕವರ್‌ಸ್ಲಿಪ್ ಹಾಕಿ 400 ಪಟ್ಟು ಹಿಗ್ಗಿಸಿ ನೋಡಿ. ಪ್ರತಿ ಕೂದಲಿಗೂ ಒಂದು ಕಾವು, ಕಾವಿನ ತುದಿಗೆ ಕೀಲಿನಂತೆ ಕೂತ ಅಲಗು. ಅಲಗು ನೀಳವಾಗಿ ಮುಳ್ಳಿನಂತಿದ್ದರೆ ಸ್ಪಿನಿಜರ್. ಗಿಡ್ಡವಾಗಿ ತುದಿ ಬಾಗಿದ್ದರೆ ಫಾಲ್ಸಿಜರ್. ಲ್ಯಾಟಿನ್ನಿನಲ್ಲಿ ಅದಕ್ಕೆ ಕುಡುಗೋಲು ಹೊತ್ತದ್ದು ಎಂದೇ ಅರ್ಥ, ನೋಡಲೂ ಹಾಗೇ ಇರುತ್ತದೆ. ಈಗ ಅಲಗು ಕೂತ ಜಾಗ ನೋಡಿ. ಕಾವಿನ ತುದಿ ಕವಲೊಡೆದು ಎರಡು ಕೊಂಬುಗಳ ನಡುವೆ ಅಲಗನ್ನು ಹಿಡಿದಿರುತ್ತದೆ. ಕೊಂಬುಗಳು ಹೆಚ್ಚುಕಡಿಮೆ ಸಮವಾಗಿದ್ದರೆ ಹೋಮೋಗಾಂಫ್, ಒಂದು ಎದ್ದು ಇನ್ನೊಂದು ಕುಗ್ಗಿದ್ದರೆ ಹೆಟೆರೋಗಾಂಫ್. ಕೂದಲು ಪಕ್ಕಕ್ಕೆ ಹೊರಳಿದ್ದರೆ ಹೆಟೆರೋಗಾಂಫ್ ಕೂಡ ಸಮವಾಗಿ ಕಾಣುತ್ತದೆ. ಕವರ್‌ಸ್ಲಿಪ್ಪನ್ನು ಸೂಜಿಮೊನೆಯಿಂದ ಸ್ವಲ್ಪ ತಳ್ಳಿ ಕೂದಲನ್ನು ಉರುಳಿಸಿ ಎರಡು ಕೋನದಿಂದ ನೋಡಿದ ಮೇಲೆಯೇ ಬರೆಯಿರಿ.

ಪೆರಿನೀರಿಸ್‌ನ ಪಾದದ ಮೇಲಿನ ಕವಲಿನಲ್ಲಿ ಹೋಮೋಗಾಂಫ್ ಸ್ಪಿನಿಜರ್ ಮಾತ್ರ ಇರಬೇಕು, ತಲೆಯಿಂದ ಬಾಲದ ತನಕ. ಹಿಂಭಾಗದ ಪಾದಗಳ ಮೇಲಿನ ಕವಲಿನಲ್ಲಿ ಕುಡುಗೋಲು ಕಂಡರೆ ಕುಲವೇ ತಪ್ಪಿದೆ, ನೀರಿಸ್ ಕಡೆಗೆ ತಿರುಗಿ. ಒಂದೇ ಪಾದ ನೋಡಿ ನಿಲ್ಲಿಸಬೇಡಿ. ಮೊದಲ ಎರಡು ಪಾದಗಳಿಗೆ ಮೇಲಿನ ಕವಲಿನ ಕೂದಲೇ ಇರುವುದಿಲ್ಲ, ಅವು ಹೋಲಿಕೆಗೆ ಬರುವುದಿಲ್ಲ. 10ನೆಯದು, ನಡು ಮೈಯಿನದೊಂದು, ಬಾಲದ ಸಮೀಪದ್ದೊಂದು, ಹೀಗೆ ಮೂರು ತೆಗೆದುಕೊಂಡು ಪ್ರತಿ ಹುಳುವಿನಲ್ಲೂ ಅವೇ ಸಂಖ್ಯೆಗಳನ್ನು ಪಾಲಿಸಿ. ಎಲ್ಲವನ್ನೂ ಒಂದೇ ಬದಿಯಿಂದ, ಎಡ ಎಂದರೆ ಎಡದಿಂದಲೇ ತೆಗೆಯಿರಿ. ಇನ್ನೊಂದು ಬದಿ ಮುಂದಿನವರಿಗೆ ಇಡಿಯಾಗಿ ಉಳಿಯಬೇಕು. ಹಿಂಭಾಗಕ್ಕೆ ಹೋದಂತೆ ಮೇಲಿನ ಲಿಗ್ಯೂಲ್ ಎಂಬ ನಾಲಿಗೆಯಂಥ ಹಾಳೆ ಹಿಗ್ಗುತ್ತದೆಯೇ, ಬೆನ್ನಿನ ಸಿರಸ್ ಎಂಬ ಮೀಸೆಯಂಥ ಎಳೆ ಅದರ ಯಾವ ಭಾಗದಲ್ಲಿ ಹುಟ್ಟುತ್ತದೆ ಎಂಬುದನ್ನೂ ಅಳೆದಿಡಿ. ತಲೆಯ 4 ಜೊತೆ ಸಿರಸ್‌ಗಳಲ್ಲಿ ಅತಿ ಉದ್ದದ್ದು ಹಿಂದಕ್ಕೆ ಮಲಗಿಸಿದರೆ ಎಷ್ಟನೇ ಉಂಗುರ ಮುಟ್ಟುತ್ತದೆ ಎಂಬುದೂ ಬೇಕು, ಆದರೆ ಅದರ ಮೇಲೆ ಹೆಚ್ಚು ಭಾರ ಹಾಕಬೇಡಿ. ಸ್ಪಿರಿಟ್ಟಿನಲ್ಲಿ ಅವು ಕುಗ್ಗುತ್ತವೆ.

ಇದಕ್ಕೆಲ್ಲ ಹೊಸ ಹುಳುಗಳು ಬೇಕು, ಹೊನ್ನಾವರಕ್ಕೆ ಮತ್ತೆ ಹೋಗಬೇಕು. ಕಾಂಡ್ಲಾ ಪ್ರದೇಶ ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದ್ದರೆ ಕಾಲೇಜಿನ ಪತ್ರದೊಂದಿಗೆ ಮೊದಲೇ ಅನುಮತಿ ಪಡೆಯಿರಿ. ಪ್ರಬಂಧ ಪ್ರಕಟಿಸುವಾಗ ಪತ್ರಿಕೆಗಳು ಅದನ್ನು ಕೇಳುತ್ತವೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತ ನೋಡಿಕೊಂಡು, ಇಳಿತದ ತಳಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ. ಕೆಸರನ್ನು ಬಕೆಟ್ಟಿನಲ್ಲಿ ಅಳಿವೆಯ ನೀರಿಗೆ ಕದಡಿ, 0.5 ಮಿ.ಮೀ. ಕಣ್ಣಿನ ಜರಡಿಗೆ ನಿಧಾನ ಸುರಿಯಿರಿ. ಜರಡಿಯನ್ನು ಅಕ್ಕಿ ಜಾಲಿಸಿದಂತೆ ನೀರಿನೊಳಗೇ ಆಡಿಸಿ. ಮೇಲಿನಿಂದ ಜೋರಾಗಿ ನೀರು ಹೊಯ್ದರೆ ಹುಳು ತುಂಡಾಗುತ್ತದೆ, ಸಿರಸ್ ಉದುರುತ್ತದೆ. ಎತ್ತಲು ಚಿಮುಟ ಬೇಡ, ಮೆತ್ತನೆಯ ಬ್ರಷ್ ಅಥವಾ ಅಗಲ ಬಾಯಿಯ ಡ್ರಾಪರ್ ಸಾಕು.

ನಂತರದ ಹೆಜ್ಜೆಯನ್ನು ಬಿಟ್ಟದ್ದರಿಂದಲೇ ನಿಮ್ಮ ಎರಡು ಹುಳು ತುಂಡಾದದ್ದು. ಕೊಲ್ಲುವ ಮುಂಚೆ ಹುಳುವಿಗೆ ಅರಿವಳಿಕೆ ಕೊಡಬೇಕು. ಲವಣಾಂಶ (ಸಾವಿರಕ್ಕೆ) 35ರ ಸುಮಾರಿನ ಕಡಲ ನೀರಿನ ಹುಳುವಿಗೆ, ಒಂದು ಲೀಟರ್ ಸಿಹಿನೀರಿಗೆ 75 ಗ್ರಾಂ ಮೆಗ್ನೀಷಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಕರಗಿಸಿ, ಹುಳು ಇರುವ ನೀರಿಗೆ ಸಮಪ್ರಮಾಣದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾರೆ. ಶರಾವತಿಯಲ್ಲಿ ಹಾಗೇ ಮಾಡಬೇಡಿ. ಲಿಂಗನಮಕ್ಕಿಯಿಂದ ವಿದ್ಯುತ್ತಿಗಾಗಿ ಬಿಟ್ಟ ನೀರು ಗೇರುಸೊಪ್ಪೆ ದಾಟಿ ಬೇಸಿಗೆಯಲ್ಲೂ ಅಳಿವೆಗೆ ಬರುತ್ತದೆ, ಅಲ್ಲಿಯ ನೀರು ಕಡಲಿನಷ್ಟು ಉಪ್ಪಾಗಿರುವುದಿಲ್ಲ. ರಿಫ್ರಾಕ್ಟೋಮೀಟರ್‌ನಿಂದ ಅಳೆದು, ಲವಣಾಂಶ 17ರಷ್ಟಿದ್ದರೆ ಪುಡಿಯನ್ನೂ ಅರ್ಧಕ್ಕೆ ಇಳಿಸಿ. ದ್ರಾವಣ ಗಟ್ಟಿಯಾದರೆ ಹುಳುವಿನ ಮೈಯ ನೀರು ಹೊರಗೆಳೆದು ಮುರುಟುತ್ತದೆ. 10ರಿಂದ 30 ನಿಮಿಷದಲ್ಲಿ ಬ್ರಷ್ ತಾಗಿಸಿದರೂ ಅಲುಗದ ಸ್ಥಿತಿಗೆ ಬರುತ್ತದೆ. ಆಗ ತಲೆಯ ಹಿಂದೆ ಮೆಲ್ಲಗೆ ಒತ್ತಿದರೆ ಕೆಲವದರ ಗಂಟಲು ತಾನಾಗಿ ಹೊರಗೆ ಬರುತ್ತದೆ. ಹಾಗೆ ಬಂದ ಒಂದು ಹುಳು, ಕೊಯ್ದು ನೋಡಿದ ಹತ್ತಕ್ಕೆ ಸಮ.

ಬಣ್ಣದ ಫೋಟೋವನ್ನು ಆಗಲೇ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಹಸಿರು, ಕೆಂಪು ಛಾಯೆಗಳು ಮದ್ಯಸಾರದಲ್ಲಿ ಕೆಲವೇ ದಿನಕ್ಕೆ ಹೋಗುತ್ತವೆ. ಆಮೇಲೆ ಮೈಯ ಹಿಂಭಾಗದಿಂದ ಎರಡು ಮೂರು ಪಾದ ಕತ್ತರಿಸಿ 95 ಪ್ರತಿಶತಕ್ಕೆ ಕಡಿಮೆಯಿಲ್ಲದ ಎಥನಾಲ್‌ಗೆ ಹಾಕಿ, ಹುಳುವಿನದೇ ನಂಬರ್ ಕೊಡಿ. ಇದು ಡಿಎನ್‌ಎಗೆ. ದ್ರವ ಅಂಗಾಂಶದ ಹತ್ತು ಪಟ್ಟು ಇರಲಿ, ಮಾರನೆಯ ದಿನ ಒಮ್ಮೆ ಬದಲಿಸಿ. ಹುಳುವಿನಿಂದ ಹುಳುವಿಗೆ ಹೋಗುವಾಗ ಕತ್ತರಿಯನ್ನು ಒರೆಸಿ ಜ್ವಾಲೆಗೆ ಹಿಡಿಯಿರಿ. ಉಳಿದ ಮೈಯನ್ನು ತಟ್ಟೆಯಲ್ಲಿ ನೇರವಾಗಿ ಮಲಗಿಸಿ 10 ಪ್ರತಿಶತ ಫಾರ್ಮಲಿನ್ ಹಾಕಿ: ಅಂಗಡಿಯ ಫಾರ್ಮಲಿನ್ 1 ಪಾಲು, ಅಳಿವೆಯದೇ ನೀರು 9 ಪಾಲು. ಫಾರ್ಮಲಿನ್ ಬಾಟಲಿಯ ತಳದಲ್ಲಿ ಸ್ವಲ್ಪ ಕರಗದೆ ಉಳಿಯುವಷ್ಟು ಬೋರಾಕ್ಸ್ ಹಾಕಿಟ್ಟಿದ್ದರೆ ಅದು ಹುಳಿಯಾಗುವುದಿಲ್ಲ. ಹುಳಿ ಫಾರ್ಮಲಿನ್ ಕೊಳವೆಹುಳುಗಳ ಸುಣ್ಣದ ಭಾಗಗಳನ್ನು ತಿಂದುಹಾಕುತ್ತದೆ. ಫಾರ್ಮಲಿನ್ ಕ್ಯಾನ್ಸರ್‌ಕಾರಕ, ಕೈಗವಸು ಹಾಕಿ, ಗಾಳಿಯಾಡುವಲ್ಲಿ ಕೆಲಸ ಮಾಡಿ, ಮುಚ್ಚಿದ ವ್ಯಾನಿನೊಳಗೆ ತೆರೆಯಬೇಡಿ. 24ರಿಂದ 48 ಗಂಟೆ ಬಿಟ್ಟು, ನೀರಿನಲ್ಲಿ ತೊಳೆದು 70 ಪ್ರತಿಶತ ಎಥನಾಲ್‌ಗೆ ಬದಲಿಸಿ. 95 ಪ್ರತಿಶತದ್ದು 70 ಮಿ.ಲೀ. ತೆಗೆದುಕೊಂಡು 95 ಮಿ.ಲೀ. ಗೆರೆಯವರೆಗೆ ನೀರು ತುಂಬಿದರೆ ಸರಿಯಾಗಿ 70 ಆಗುತ್ತದೆ. ಫಾರ್ಮಲಿನ್ ಮುಟ್ಟಿದ ಅಂಗಾಂಶದಿಂದ ಒಳ್ಳೆಯ ಡಿಎನ್‌ಎ ತೆಗೆಯುವುದು ಬಹಳ ಕಷ್ಟ, ಆದ್ದರಿಂದ ಪಾದ ಕತ್ತರಿಸುವ ಕೆಲಸ ಮೊದಲೇ ಆಗಬೇಕು.

ಚೀಟಿಯನ್ನು ಬಾಟಲಿಯ ಒಳಗೇ ಹಾಕಿ, ಗಟ್ಟಿ ಕಾಗದದ ಮೇಲೆ ಪೆನ್ಸಿಲ್‌ನಿಂದ. ಬಾಲ್‌ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿ ಹೋಗುತ್ತದೆ. ಜಾಗ, ಜಿಪಿಎಸ್ ಅಂಕೆ, ದಿನಾಂಕ, ಯಾವ ಬಗೆಯ ಕೆಸರು, ಲವಣಾಂಶ, ಸಂಗ್ರಹಿಸಿದವರ ಹೆಸರು ಇಷ್ಟು ಇರಲೇಬೇಕು. ಇವಿಲ್ಲದ ಹುಳು ಎಷ್ಟೇ ಚೆನ್ನಾಗಿದ್ದರೂ ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಮಾಡುವುದಕ್ಕೆ ಮನಸ್ಸು ಬರುವುದಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಶತ್ರುವಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಕಬ್ಬಿಣದ ಮುಚ್ಚಳ ತುಕ್ಕು ಹಿಡಿದು ದ್ರವಕ್ಕೆ ಇಳಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳವೇ ಇರಲಿ. ಪದೇಪದೇ ತೆರೆದ ಶುದ್ಧ ಎಥನಾಲ್ ಗಾಳಿಯ ನೀರು ಹೀರಿ ದುರ್ಬಲವಾಗುತ್ತದೆ, ಹಾಗಾಗಿ ದೊಡ್ಡ ಬಾಟಲಿಯಿಂದ ನೇರ ಬಳಸದೆ ಚಿಕ್ಕದಕ್ಕೆ ಹಂಚಿಟ್ಟುಕೊಳ್ಳಿ. ಸೂಕ್ಷ್ಮದರ್ಶಕದ ಲೆನ್ಸಿಗೆ ಬೂಷ್ಟು ಹಿಡಿದರೆ ಕೂದಲಿನ ಅಂಚಿನ ಸಣ್ಣ ಹಲ್ಲುಗಳು ಕಾಣುವುದೇ ಇಲ್ಲ. ಬಳಸದಾಗ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ, ಹರಳು ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿ.

ಚಿತ್ರಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದರೆ ಚೆಂದ, ಕಡ್ಡಾಯವಲ್ಲ. ಕೈಯಿಂದ ಬರೆದ ಗೆರೆಚಿತ್ರದಲ್ಲಿ ಅಲಗಿನ ವಕ್ರತೆ, ಕೊಂಬಿನ ಎತ್ತರ ಸ್ಪಷ್ಟವಾಗಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಸೂಕ್ಷ್ಮದರ್ಶಕದ ನೋಟವನ್ನು ಕಾಗದದ ಮೇಲೆ ಬೀಳಿಸಿ ಚಿತ್ರ ಬರೆಯಲು ನೆರವಾಗುವ ಕ್ಯಾಮೆರಾ ಲೂಸಿಡಾ ಇಲ್ಲದಿದ್ದರೆ ಫೋಕಸ್ ಬದಲಿಸುತ್ತಾ ಹತ್ತಾರು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಸೇರಿಸಿ, ಅದರ ಮೇಲೆ ಗೆರೆ ಎಳೆಯಿರಿ. ಪ್ರತಿ ಚಿತ್ರಕ್ಕೂ ಅಳತೆಗೆರೆ ಹಾಕಿ.

ಡಿಎನ್‌ಎ ಬಗ್ಗೆ ವಿದ್ಯಾರ್ಥಿಗಳಿಗೆ ಅಪಾರ ಭರವಸೆ ಇರುತ್ತದೆ, ಅದನ್ನು ಸ್ವಲ್ಪ ತಗ್ಗಿಸಿ. ಸಾಮಾನ್ಯವಾಗಿ ಓದುವುದು ಸಿಒಐ ಜೀನಿನ ಸುಮಾರು 650 ಅಕ್ಷರಗಳ ತುಂಡು. ಆ ತುಂಡನ್ನು ಹಿಡಿದು ನಕಲಿಸಲು ಬಳಸುವ ಚಿಕ್ಕ ಡಿಎನ್‌ಎ ಎಳೆಗಳಾದ 1994ರ ಫೋಲ್ಮರ್ ಪ್ರೈಮರ್‌ಗಳು ಪಾಲಿಕೀಟ್‌ಗಳಲ್ಲಿ ಎಷ್ಟೋ ಸಲ ಕೈಕೊಡುತ್ತವೆ. ಆಗ ಪಾಲಿಕೀಟ್‌ಗಳಿಗೆಂದೇ ಮಾರ್ಪಡಿಸಿದ ಪ್ರೈಮರ್‌ಗಳನ್ನು ಬಳಸಿ, ಜೊತೆಗೆ 16ಎಸ್ ಜೀನನ್ನೂ ಓದಿಸಿ. ಫಲಿತಾಂಶ ಜೀನ್‌ಬ್ಯಾಂಕ್ ಎಂಬ ಡಿಎನ್‌ಎ ಅನುಕ್ರಮಗಳ ಸಾರ್ವಜನಿಕ ಸಂಗ್ರಹದ ಯಾವುದಕ್ಕೂ ಹತ್ತಿರವಿಲ್ಲ ಎಂದು ಬಂದರೆ ಹೊಸ ಪ್ರಭೇದ ಎಂದಲ್ಲ. ನಿಮ್ಮ ಹುಳುವಿನ ನಿಜವಾದ ಹೆಸರಿನ ಅನುಕ್ರಮ ಅಲ್ಲಿ ಇನ್ನೂ ಸೇರಿಲ್ಲ ಎಂದೂ ಇರಬಹುದು. ತೀರ ಹತ್ತಿರ ಎಂದು ಬಂದರೂ, ಅಲ್ಲಿಟ್ಟ ಹೆಸರನ್ನು ಯಾರು, ಯಾವ ಹುಳು ನೋಡಿ ಇಟ್ಟರು ಎಂದು ವಿಚಾರಿಸಬೇಕು. ಕನಿಷ್ಠ 5 ಹುಳುಗಳ ಅನುಕ್ರಮ ಇರಲಿ, ಅವು ಒಳಗೊಳಗೆ ಎಷ್ಟು ಭಿನ್ನ, ಹತ್ತಿರದ ಪ್ರಭೇದದಿಂದ ಎಷ್ಟು ಭಿನ್ನ ಎಂಬ ಎರಡೂ ಅಂಕೆ ಕೊಡಿ. ಆಕಾರದ ವ್ಯತ್ಯಾಸವೂ ಡಿಎನ್‌ಎ ವ್ಯತ್ಯಾಸವೂ ಒಂದೇ ಹುಳುಗಳ ಗುಂಪಿನಲ್ಲಿ ಕೂಡಿ ಬಂದರೆ ಆಗ ಧೈರ್ಯವಾಗಿ ಬರೆಯಬಹುದು.

ಮೂಲ ವರ್ಣನೆ ಅಸ್ಪಷ್ಟವಾಗಿದ್ದ ಹೆಸರುಗಳಿಗೆ ಆ ಹೆಸರಿಗೆ ಆಧಾರವಾದ ಟೈಪ್ ಮಾದರಿಯನ್ನೇ ನೋಡಬೇಕಾಗುತ್ತದೆ. ಎಲ್ಲಕ್ಕೂ ಬೇಡ, ಕೋಷ್ಟಕದಲ್ಲಿ ಕೊನೆಗೆ ಉಳಿಯುವ ಎರಡು ಮೂರಕ್ಕೆ ಮಾತ್ರ. ಮ್ಯೂಸಿಯಂಗಳು ವಿದ್ಯಾರ್ಥಿಗೆ ಮಾದರಿ ಕಳಿಸುವುದು ಅಪರೂಪ, ಆದರೆ ‘6ನೇ ವಲಯದ ಬಲಗಡೆ ಪಟ್ಟಿಯ, ಮೇಲಿನಿಂದ ತೆಗೆದ ಫೋಟೋ’ ಎಂದು ನಿಖರವಾಗಿ ಕೇಳಿದರೆ ಬಹಳಷ್ಟು ಕಡೆ ಕಳಿಸುತ್ತಾರೆ. ಸುಮ್ಮನೆ ‘ಮಾಹಿತಿ ಕಳಿಸಿ’ ಎಂದರೆ ಉತ್ತರ ಬರುವುದಿಲ್ಲ.

ಇಷ್ಟೆಲ್ಲ ದಾಟಿ ಹೊಸದೆಂದು ಖಚಿತವಾದರೆ ವರ್ಣನೆ ಬರೆಯುವುದು. ಒಂದು ಹುಳುವನ್ನು ಹೋಲೋಟೈಪ್ ಎಂದು ಆರಿಸಿ. ಇಡಿಯಾಗಿರಬೇಕು, ಬೆಳೆದಿರಬೇಕು, ಸಾಧ್ಯವಾದರೆ ಗಂಟಲು ಹೊರಗಿರಬೇಕು. ಸಂತಾನೋತ್ಪತ್ತಿಗೆಂದು ಈಜಲು ಹೊರಟ, ಕಣ್ಣು ಹಿಗ್ಗಿ ಪಾದ ದೋಣಿಯ ಹುಟ್ಟಿನಂತಾದ ಎಪಿಟೋಕ್ ಹುಳುವನ್ನು ಆರಿಸಬೇಡಿ, ಅದನ್ನು ಬೇರೆ ಪ್ರಭೇದಗಳ ಸಾಮಾನ್ಯ ರೂಪದ ಜೊತೆ ಹೋಲಿಸಲಾಗುವುದಿಲ್ಲ. ಉಳಿದ ಕೆಲವನ್ನು ಪ್ಯಾರಾಟೈಪ್ (ಜೊತೆಗಿಡುವ ಮಾದರಿಗಳು) ಮಾಡಿ. ವರ್ಣನೆಯ ಉದ್ದ, ಅಗಲ, ಉಂಗುರಗಳ ಸಂಖ್ಯೆ ಎಲ್ಲ ಹೋಲೋಟೈಪಿನದು. ಪ್ಯಾರಾಟೈಪ್‌ಗಳ ಏರಿಳಿತವನ್ನು ಬೇರೆ ಪ್ಯಾರಾದಲ್ಲಿ ಕೊಡಿ. ಎರಡನ್ನೂ ಬೆರೆಸಿ ‘12ರಿಂದ 20 ಮೊನೆ’ ಎಂದು ಬರೆದರೆ ಹೋಲೋಟೈಪಿನಲ್ಲಿ ಎಷ್ಟಿತ್ತು ಎಂಬುದೇ ಕಳೆದುಹೋಗುತ್ತದೆ. ಹತ್ತಿರದ ಪ್ರಭೇದಗಳಿಂದ ಹೇಗೆ ಬೇರೆ ಎಂಬ ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ, ವಿಮರ್ಶಕರು ಮೊದಲು ತಿರುವುವುದು ಆ ಪುಟವನ್ನೇ.

ನಾಮಕರಣಕ್ಕೆ ಅಂತರರಾಷ್ಟ್ರೀಯ ಸಂಹಿತೆಯ 4ನೇ ಆವೃತ್ತಿ ಅನ್ವಯಿಸುತ್ತದೆ, 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇದು ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಬೇಕು, ಬೇರೆಯಾಗಿಸುವ ಲಕ್ಷಣಗಳನ್ನು ಮಾತಿನಲ್ಲಿ ಬರೆಯಬೇಕು, ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿದೆ ಎಂದು ತಿಳಿಸಬೇಕು. ಆನ್‌ಲೈನ್ ಮಾತ್ರ ಬರುವ ಪತ್ರಿಕೆಯಾದರೆ 2012ರ ತಿದ್ದುಪಡಿಯಂತೆ ಝೂಬ್ಯಾಂಕ್ ಎಂಬ ಪ್ರಾಣಿನಾಮಗಳ ಅಧಿಕೃತ ದಾಖಲೆಯಲ್ಲಿ ಮೊದಲೇ ನೋಂದಾಯಿಸಿ, ಅದರ ಗುರುತನ್ನು ಪ್ರಬಂಧದೊಳಗೇ ಮುದ್ರಿಸಿರಬೇಕು. ಇದು ತಪ್ಪಿದರೆ ಹೆಸರು ಲೆಕ್ಕಕ್ಕೇ ಬರುವುದಿಲ್ಲ. ಪೆರಿನೀರಿಸ್ ಸ್ತ್ರೀಲಿಂಗದ ಪದ. ಕುಲ್ಟ್ರಿಫೆರಾ ಎಂದು ಕೊನೆಯಾಗುವುದು ಅದಕ್ಕೇ, ‘ಚಾಕು ಹೊತ್ತವಳು’ ಎಂದು. ಊರು, ನದಿಯ ಹೆಸರಿಗೆ ‘ಎನ್ಸಿಸ್’ ಸೇರಿಸಿದರೆ ಲಿಂಗದ ತೊಂದರೆಯಿಲ್ಲ. ಒಬ್ಬ ಮಹಿಳೆಯ ಹೆಸರಿಟ್ಟರೆ ‘ಏ’, ಪುರುಷನದಾದರೆ ‘ಐ’ ಎಂಬ ಅಂತ್ಯ. ಹೆಸರನ್ನು ಮುಂಚಿತವಾಗಿ ಪೋಸ್ಟರ್‌ನಲ್ಲೋ ಪತ್ರಿಕಾ ಹೇಳಿಕೆಯಲ್ಲೋ ಬಿಟ್ಟುಕೊಡಬೇಡಿ. ಸಮ್ಮೇಳನದ ಸಾರಾಂಶ ಸಂಹಿತೆಯ ಪ್ರಕಾರ ಪ್ರಕಟಣೆಯೇ ಅಲ್ಲ. ವರ್ಣನೆಯಿಲ್ಲದೆ ಹೊರಬಿದ್ದ ಹೆಸರು ಬರಿಯ ಬೆತ್ತಲೆ ಹೆಸರಾಗಿ ಸಾಹಿತ್ಯದಲ್ಲಿ ಅಲೆದಾಡುತ್ತಾ ಮುಂದಿನವರಿಗೆ ತೊಡಕಾಗುತ್ತದೆ.

ಹೋಲೋಟೈಪನ್ನು ಕಾಲೇಜಿನ ಕಪಾಟಿನಲ್ಲಿ ಇಡುವಂತಿಲ್ಲ. ಜೀವವೈವಿಧ್ಯ ಕಾಯ್ದೆ, 2002ರ 39ನೇ ಸೆಕ್ಷನ್ ಪ್ರಕಾರ ಹೊಸ ಟ್ಯಾಕ್ಸಾನ್ (ಪ್ರಭೇದ, ಕುಲದಂಥ ಗುಂಪು) ಕಂಡುಹಿಡಿದವರು ನಿಗದಿತ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಅಂಥ ಭಂಡಾರ, ಕಡಲ ಜೀವಿಗಳಿಗೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಇದೆ. ನೋಂದಣಿ ಸಂಖ್ಯೆ ಬಂದ ಮೇಲೆಯೇ ಪ್ರಬಂಧ ಕಳಿಸಿ. ಮಾದರಿಯನ್ನು ಹೊರದೇಶಕ್ಕೆ ಕಳಿಸುವ ಮಾತು ಬಂದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡದೆ ಒಂದು ಪಾದವನ್ನೂ ಅಂಚೆಗೆ ಹಾಕಬೇಡಿ.

ಈಗ ನಿಮ್ಮ ಕೈಯಲ್ಲಿರುವ ಮೂರರ ಮಾತು. ‘ಸ್ಪಿರಿಟ್’ ಎಂದರೆ ಔಷಧದಂಗಡಿಯ ಸರ್ಜಿಕಲ್ ಸ್ಪಿರಿಟ್ ಆಗಿದ್ದರೆ ಅದರಲ್ಲಿ ಬೇರೆ ರಾಸಾಯನಿಕ ಬೆರೆತಿರುತ್ತದೆ; ಇವತ್ತೇ ಒಳ್ಳೆಯ ಎಥನಾಲ್‌ಗೆ ಬದಲಿಸಿ. ತುಂಡಾದ ಎರಡರಿಂದ ತಲಾ ಎರಡು ಪಾದ ಡಿಎನ್‌ಎಗೆ ಎತ್ತಿಡಿ, ಫಾರ್ಮಲಿನ್ ತಾಗದ್ದು ಈ ಒಂದು ವಿಷಯದಲ್ಲಿ ನಿಮ್ಮ ಅದೃಷ್ಟ. ಅವುಗಳ ಗಂಟಲನ್ನು ಹೊಟ್ಟೆಯ ಕಡೆಯಿಂದ ತೆರೆದು 5ನೇ ವಲಯವನ್ನು ಇನ್ನೊಮ್ಮೆ ಎಣಿಸಿ. ಇಡಿಯಾಗಿರುವ ಮೂರನೆಯದನ್ನು ಈಗಾಗಲೇ ಕೊಯ್ದಿರದಿದ್ದರೆ ಸದ್ಯಕ್ಕೆ ಮುಟ್ಟಬೇಡಿ. ಎಲ್ಲ ಬಾಟಲಿಯ ಚೀಟಿಯ ಮೇಲೂ ‘ಪೆರಿನೀರಿಸ್, ಪ್ರಭೇದ ನಿಶ್ಚಯವಾಗಿಲ್ಲ’ ಎಂದು ಪೆನ್ಸಿಲ್‌ನಲ್ಲಿ ಬರೆದು, ಮುಂದಿನ ದೊಡ್ಡ ಇಳಿತದ ದಿನ ಯಾವುದು ಎಂದು ನೋಡಿಕೊಳ್ಳಿ.